ಯಕೃತ್ತಿನ ಗಾಯದ ಕಲೆಯೂ ಮೂಲಿಕೆಗಳ ಕೂಟವೂ

ಚೀನಾ ದೇಶದ ವೈದ್ಯರು ಪುರಾತನ ಕಾಲದಿಂದ ಉಪಯೋಗಿಸುತ್ತಾ ಬಂದ ಮೂಲಿಕೆಗಳನ್ನು ಒಂದರೊಡನೊಂದು ಕೂಡಿಸಿ ಕೊಟ್ಟಲ್ಲಿ ಯಕೃತ್ತಿನಲ್ಲಿ ಗಾಯದ ಕಲೆ ಕಟ್ಟುವುದನ್ನು ತಡೆಯಬಹುದೆಂಬ ವರ್ತಮಾನವು ಈಚಿನ ವರ್ಷಗಳಲ್ಲಿ ಅನೇಕಾವರ್ತಿ ಕೇಳಿಬರುತ್ತದೆ. ಇದನ್ನು ಕೇಳಿದವರು, ಚೀನಾದ ಮಾತು ಹಾಗಿರಲಿ, ನಮ್ಮ ಹಿತ್ತಿಲಿನ ಕಿರುನೆಲ್ಲಿಯೂ ಕಿರಾತಕಡ್ಡಿಯೂ ಅದಕ್ಕಿಂತ ಏನು ಕಡಿಮೆ ಎಂದು ಕೇಳುವುದು ಸಹಜವೇ. ಕೋಡಿಯ ಕಡಲ ತೀರದಿಂದ ಬೈಂದೂರಿನ ವರೆಗೂ, ಇತ್ತ ಬ್ರಹ್ಮಾವರದ ವರೆಗೂ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುವವರು ಇಂದಿಗೂ ಇದ್ದಾರೆ; ಅವರಲ್ಲಿ ವಿಶ್ವಾಸವಿಟ್ಟವರೂ ಬಹು ಮಂದಿ. ಮನೆಯಲ್ಲಿ ಒಬ್ಬರ ಕಣ್ಣು ಹಳದಿಯಾದಾಗ ಮೊದಲು ಯಾರ ಬಾಗಿಲಿಗೆ ಹೋಗತಕ್ಕದ್ದೆಂಬುದನ್ನು ತೀರ್ಮಾನಿಸುವವರು ಪ್ರಾಯಶಃ ತಾಯಂದಿರೇ. ಆ ತೀರ್ಮಾನದ ಫಲವು ಕೆಲವೊಮ್ಮೆ ಮರುದಿನ ಕಾಣದೆ ಇಪ್ಪತ್ತು ವರ್ಷಗಳ ತರುವಾಯ ಕಾಣುವುದು. ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಮಕ್ಕಳ ಹೆತ್ತವರ ಮುಂದೆ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಇಡಲು ಅಪೇಕ್ಷಿಸುತ್ತೇವೆ.

ಯಕೃತ್ತನ್ನು ಹಳಬರು ಕಾಳಿಜವೆನ್ನುವರು. ಅದು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿದ್ದು, ಪ್ರಾಯದವರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಕರುಳಿನಿಂದ ಹೊರಟ ರಕ್ತವೆಲ್ಲ ಮೊದಲು ಇದರೊಳಗೆ ಹಾದು ಶುದ್ಧವಾಗಿಯೇ ಹೃದಯಕ್ಕೆ ಸೇರಬೇಕು. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತವು ಹೀಗೆ ಹಾದುಹೋಗುವುದು. ಈ ಅವಯವಕ್ಕೆ ಪೆಟ್ಟಾದಾಗ ಅದು ತನ್ನನ್ನು ತಾನೇ ಸರಿಮಾಡಿಕೊಳ್ಳುವ ಶಕ್ತಿಯು ಆಶ್ಚರ್ಯಕರವಾದದ್ದು. ಆದರೆ ಪೆಟ್ಟು ಒಂದೇ ಸಾರಿ ಬೀಳದೆ ವರುಷಗಟ್ಟಲೆ ಬೀಳುತ್ತಾ ಇದ್ದರೆ, ಹೊಸ ಮಾಂಸ ಹುಟ್ಟತಕ್ಕಲ್ಲಿ ನಾರು ಹುಟ್ಟುತ್ತದೆ. ಹರಿದ ಬಲೆಯನ್ನು ಕೋಡಿಯ ಮೀನುಗಾರರು ಗಂಟು ಹಾಕಿ ಸರಿಪಡಿಸುವುದನ್ನು ನೋಡಿದವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ನಾಲ್ಕು ಗಂಟುಗಳಿಂದ ಬಲೆಗೆ ಹಾನಿಯಿಲ್ಲ. ಬಲೆಯೆಲ್ಲ ಗಂಟೇ ಆದರೆ ಅದರಲ್ಲಿ ನೀರು ಹಾಯದು. ಈ ನಾರಿನ ಕಲೆಯೇ ಹೆಚ್ಚಿ, ಯಕೃತ್ತೆಲ್ಲ ಗಂಟು ಗಂಟಾಗಿ ಗಟ್ಟಿಯಾದ ಸ್ಥಿತಿಗೆ ಫ್ರಾನ್ಸಿನ ಲೆನೆಕ್ ಎಂಬ ವೈದ್ಯನು ೧೮೧೯ರಲ್ಲಿ ಸಿರೋಸಿಸ್ ಎಂದು ಹೆಸರಿಟ್ಟನು.

ಆಗ ಒದಗುವ ಕೇಡು ಎಂಥಾದ್ದೆಂದು ತಿಳಿಯಲು ನಮ್ಮ ಅಳಿವೆಯನ್ನು ನೋಡಿದರೆ ಸಾಕು. ಸೌಪರ್ಣಿಕಾ, ವಾರಾಹಿ ಮೊದಲಾದ ಐದು ಹೊಳೆಗಳು ಪಂಚಗಂಗಾವಳಿಯಾಗಿ ಕೂಡಿ ಕೋಡಿಯ ಬಳಿಯಲ್ಲಿ ಸಮುದ್ರವನ್ನು ಸೇರುತ್ತವಷ್ಟೆ. ಅಳಿವೆಯ ಬಾಯಲ್ಲಿ ಮರಳು ತುಂಬಿದರೆ ಹೊಳೆಯ ನೀರು ಹಿಂದಕ್ಕೆ ತಿರುಗಿ ದಡದ ಗದ್ದೆಗಳಿಗೆ ಏರದೆ ಇದ್ದೀತೇ? ಅದೇ ಪ್ರಕಾರ ಗಟ್ಟಿಯಾದ ಯಕೃತ್ತಿನೊಳಗೆ ದಾರಿ ಕಾಣದ ರಕ್ತವು ಹಿಂದಕ್ಕೆ ಒತ್ತುವುದು. ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾಗುವುದು. ಅನ್ನನಾಳದ ಸಿರೆಗಳು ಉಬ್ಬಿ ಒಡೆದು ರಕ್ತವಾಂತಿಯಾಗುವುದು. ಇದೆಲ್ಲ ಕಾಣಿಸುವ ವರೆಗೆ ಮನುಷ್ಯನಿಗೆ ನೋವಿಲ್ಲ, ಹಳದಿಯಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ರೋಗದ ಮೋಸವೆಲ್ಲ ಈ ಮೌನದಲ್ಲಿಯೇ ಇರುವುದು.

ನಾರನ್ನು ನೇಯುವವರು ಯಾರೆಂಬುದು ಬಹುಕಾಲ ಗೊತ್ತಿರಲಿಲ್ಲ. ೧೮೭೬ರಲ್ಲಿ ಕುಪ್ಫರ್ ಎಂಬ ಶಾಸ್ತ್ರಜ್ಞನು ಯಕೃತ್ತಿನಲ್ಲಿ ನಕ್ಷತ್ರದ ಆಕಾರದ ಸಣ್ಣ ಜೀವಕಣಗಳನ್ನು ಕಂಡನು. ಶಾಂತಿಯ ಕಾಲದಲ್ಲಿ ಇವು ‘ಎ’ ಜೀವಸತ್ವವನ್ನು ಕೂಡಿಟ್ಟುಕೊಂಡು ಸುಮ್ಮನೆ ಇರುವವು. ಯಕೃತ್ತಿಗೆ ಪೆಟ್ಟಾಯಿತೆಂದರೆ ತಮ್ಮ ಉಗ್ರಾಣವನ್ನು ಬರಿದುಮಾಡಿ, ರೂಪವನ್ನು ಬದಲಿಸಿ, ಕೊಲಾಜೆನ್ ಎಂಬ ನಾರನ್ನು ಹೊಸೆಯುವುದಕ್ಕೆ ತೊಡಗುವವು. ಇದು ಸ್ಪಷ್ಟವಾದದ್ದು ೧೯೮೦ರ ದಶಕದಲ್ಲಿ. ಮೂಲಿಕೆಗಳ ಪರೀಕ್ಷೆಯಲ್ಲಿ ಇಂದಿನ ಶಾಸ್ತ್ರಜ್ಞರು ಮುಖ್ಯವಾಗಿ ಹುಡುಕುವುದು, ಈ ನಕ್ಷತ್ರಕಣಗಳನ್ನು ಸಮಾಧಾನಪಡಿಸುವ ಗುಣವು ಯಾವುದರಲ್ಲಿ ಉಂಟೆಂಬುದನ್ನೇ.

ಇನ್ನು ನಮ್ಮ ಕಿರುನೆಲ್ಲಿಗೆ ಬರೋಣ. ಮಳೆಗಾಲದಲ್ಲಿ ಗದ್ದೆಯ ಅಂಚಿನಲ್ಲಿಯೂ ತೆಂಗಿನ ಬುಡದಲ್ಲಿಯೂ ತಾನಾಗಿ ಹುಟ್ಟುವ, ಹುಣಿಸೆಯ ಎಲೆಯಂತಿರುವ ಎಲೆಗಳ ಕೆಳಗೆ ಸಾಸಿವೆಗಿಂತ ತುಸು ದೊಡ್ಡ ಕಾಯಿಗಳನ್ನು ಸಾಲಾಗಿ ಇಟ್ಟುಕೊಂಡಿರುವ ಈ ಗಿಡವನ್ನು ಅರಿಯದ ಮಕ್ಕಳು ನಮ್ಮಲ್ಲಿ ವಿರಳ. ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು ೧೬೭೮ರಿಂದ ೧೬೯೩ರ ವರೆಗೆ ಹನ್ನೆರಡು ಸಂಪುಟಗಳಾಗಿ ಅಚ್ಚುಮಾಡಿಸಿದ ‘ಹೋರ್ತುಸ್ ಮಲಬಾರಿಕುಸ್’ ಎಂಬ ಗ್ರಂಥದಲ್ಲಿ ಈ ಗಿಡವು ‘ಕಿರ್ಗನೆಲಿ’ ಎಂಬ ಹೆಸರಿನಿಂದ ಬಂದಿದೆ. ನಮ್ಮ ಹೆಸರೂ ಅದೂ ಎಷ್ಟು ಹತ್ತಿರವೆಂದು ನೋಡಬಹುದು. ಆ ಗ್ರಂಥಕ್ಕೆ ಸಹಾಯಮಾಡಿದವರಲ್ಲಿ ಇಟ್ಟಿ ಅಚ್ಯುತನೆಂಬ ಮಲಯಾಳ ವೈದ್ಯನಲ್ಲದೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ಕೊಂಕಣಿ ವೈದ್ಯರೂ ಇದ್ದರು.

ಈ ಗಿಡದ ಕೀರ್ತಿಯು ಕಾಮಾಲೆಯಿಂದ ಬಂತು. ಕಾಮಾಲೆಯೆಂಬುದು ಒಂದು ರೋಗವಲ್ಲ, ಅನೇಕ ರೋಗಗಳ ಒಂದು ಗುರುತು. ಕೊಳಕು ನೀರಿನಿಂದ ಹರಡುವ ‘ಎ’ ಜಾತಿಯ ಹೆಪಟೈಟಿಸ್ಸಿನಲ್ಲಿ ಕಣ್ಣು ಹಳದಿಯಾಗುವುದು, ಊಟ ಸೇರದು, ಆದರೆ ಕೆಲವು ವಾರಗಳಲ್ಲಿ ಬಹುತೇಕ ಎಲ್ಲರಿಗೂ ಮದ್ದಿಲ್ಲದೆಯೇ ಗುಣವಾಗುವುದು, ಕಲೆಯೂ ಉಳಿಯದು. ಆ ವಾರಗಳಲ್ಲಿ ಕಿರುನೆಲ್ಲಿಯನ್ನು ಮಜ್ಜಿಗೆಯಲ್ಲಿ ಅರೆದು ಕುಡಿದವನು ಕಿರುನೆಲ್ಲಿಯಿಂದ ಗುಣವಾಯಿತೆಂದು ಹೇಳುವನು. ಬರೇ ಗಂಜಿ ಕುಡಿದವನು ಗಂಜಿಗೆ ಆ ಮಾನವನ್ನು ಕೊಡುವುದಿಲ್ಲ. ಕಲೆಯನ್ನುಂಟುಮಾಡುವ ‘ಬಿ’ ಮತ್ತು ‘ಸಿ’ ಜಾತಿಗಳಾದರೋ ರಕ್ತದ ಮೂಲಕ ಬಂದು, ಅನೇಕರಲ್ಲಿ ಕಾಮಾಲೆಯನ್ನೇ ತೋರಿಸದೆ ಒಳಗೆ ಕುಳಿತುಬಿಡುವವು. ಕಾಮಾಲೆಯಲ್ಲಿ ಗಳಿಸಿದ ಹೆಸರನ್ನು ಕಲೆಯ ವಿಷಯದಲ್ಲಿ ಸಾಕ್ಷಿಯಾಗಿ ಎಣಿಸುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ.

ಹಾಗೆಂದು ಆ ಗಿಡವನ್ನು ವಿಚಾರಣೆಯಿಲ್ಲದೆ ತಳ್ಳಿಬಿಟ್ಟವರಿಲ್ಲ. ‘ಬಿ’ ವೈರಸ್ಸಿನ ಗುರುತನ್ನು ರಕ್ತದಲ್ಲಿ ಕಂಡುಹಿಡಿದು ೧೯೭೬ರಲ್ಲಿ ನೊಬೆಲ್ ಬಹುಮಾನ ಪಡೆದ ಬ್ಲೂಂಬರ್ಗ್ ಎಂಬ ಅಮೇರಿಕದ ಪಂಡಿತನು ಮದ್ರಾಸಿನ ತ್ಯಾಗರಾಜನ್ ಮೊದಲಾದವರೊಡನೆ ಸೇರಿ ೧೯೮೮ರಲ್ಲಿ ಒಂದು ಪರೀಕ್ಷೆಯ ಫಲವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದನು. ಒಂದು ತಿಂಗಳು ಕಿರುನೆಲ್ಲಿಯ ಪುಡಿಯನ್ನು ತಿಂದ ೩೭ ಮಂದಿಯಲ್ಲಿ ೨೨ ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು. ಗುಣವಿಲ್ಲದ ಹುಸಿಪುಡಿ ತಿಂದ ೨೩ ಮಂದಿಯಲ್ಲಿ ಒಬ್ಬನಿಗೆ ಮಾತ್ರ ಹಾಗಾಯಿತು. ಇದನ್ನೋದಿ ಲೋಕವೆಲ್ಲ ಬೆರಗಾಯಿತು. ಆದರೆ ಬೇರೆ ದೇಶಗಳಲ್ಲಿ ಇದನ್ನೇ ಪುನಃ ಮಾಡಿ ನೋಡಿದವರಿಗೆ ಅಂಥಾ ಫಲ ದೊರೆಯಲಿಲ್ಲ. ೨೦೧೧ರಲ್ಲಿ ಎಲ್ಲಾ ಪರೀಕ್ಷೆಗಳನ್ನೂ ಕೂಡಿಸಿ ತೂಗಿನೋಡಿದ ಕೊಕ್ರೇನ್ ಸಂಸ್ಥೆಯ ಪರಿಶೀಲಕರು, ಹುಸಿಮದ್ದಿಗಿಂತ ಇದು ಮೇಲೆಂಬುದಕ್ಕೆ ಸಾಕಾದ ಆಧಾರವಿಲ್ಲವೆಂದರು.

ಒಂದೇ ಗಿಡವು ಮಾಡಲಾರದ್ದನ್ನು ಅನೇಕ ಗಿಡಗಳು ಕೂಡಿ ಮಾಡಿಯಾವೇ? ಚೀನೀ ವೈದ್ಯರ ನಂಬಿಕೆಯು ಹಾಗೆಯೇ. ಅವರ ಶಾಸ್ತ್ರದಲ್ಲಿ ಒಂದು ಕಷಾಯವೆಂದರೆ ಒಂದು ರಾಜಸಭೆಯಿದ್ದಂತೆ: ರೋಗದ ಮೇಲೆ ನೇರವಾಗಿ ಹೋಗುವ ಮೂಲಿಕೆಯು ರಾಜನು, ಅವನ ಬಲವನ್ನು ಹೆಚ್ಚಿಸುವುದು ಮಂತ್ರಿ, ಉಗ್ರತೆಯನ್ನು ತಗ್ಗಿಸುವುದು ಸಹಾಯಕನು, ಎಲ್ಲವನ್ನೂ ತಕ್ಕ ಅವಯವಕ್ಕೆ ಮುಟ್ಟಿಸುವುದು ದೂತನು. ಯೋಗಗಳನ್ನೂ ಅನುಪಾನವನ್ನೂ ಹೇಳುವ ನಮ್ಮ ಆಯುರ್ವೇದಕ್ಕೆ ಈ ಮಾತು ಹೊಸದಲ್ಲ. ಕಲೆ ಕಟ್ಟುವ ಕೆಲಸವೂ ಒಂದೇ ಮೆಟ್ಟಿಲಿನದಲ್ಲ: ಉರಿ, ಜೀವಕಣಗಳ ಮರಣ, ನಕ್ಷತ್ರಕಣಗಳ ಎಚ್ಚರ, ನಾರಿನ ನೇಯ್ಗೆ, ಹಳೆಯ ನಾರು ಕರಗದೆ ಉಳಿಯುವುದು ಹೀಗೆ ಮೆಟ್ಟಿಲುಗಳು ಹಲವು. ಒಂದೊಂದು ಮೂಲಿಕೆ ಒಂದೊಂದು ಮೆಟ್ಟಿಲಿನಲ್ಲಿ ತಡೆದರೆ ಕೂಟದಿಂದ ಪ್ರಯೋಜನ ಹೆಚ್ಚೆಂಬ ತರ್ಕವು ಹುರುಳಿಲ್ಲದ್ದಲ್ಲ.

೨೦೦೨ರಲ್ಲಿ ಚೀನಾ ಸರಕಾರವು ಅನುಮತಿಸಿದ ‘ಫುಜೆಂಗ್ ಹುವಾಯು’ ಎಂಬ ಮದ್ದಿನಲ್ಲಿ ಆರು ವಸ್ತುಗಳುಂಟು. ಅವುಗಳಲ್ಲಿ ದಾನ್‌ಶೆನ್ ಎಂಬ ಕೆಂಪು ಬೇರು, ಪೀಚ್ ಹಣ್ಣಿನ ಬೀಜದ ತಿರುಳು, ಪೈನ್ ಮರದ ಪರಾಗ ಇವು ಸೇರಿವೆ. ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಯಕೃತ್ತನ್ನು ಕೆಡಿಸಿ, ಬಳಿಕ ಇಂಥಾ ಕೂಟಗಳನ್ನು ತಿನ್ನಿಸಿದರೆ ಕಲೆ ಕಡಿಮೆಯಾಗುವುದೆಂದು ಪ್ರಯೋಗಶಾಲೆಗಳಿಂದ ವರದಿಗಳಿವೆ. ಇಲಿಯ ಮಾತು ಇಲಿಗೇ ಸರಿ. ಮನುಷ್ಯರಲ್ಲಿ ನಡೆದ ಪರೀಕ್ಷೆಗಳೊಳಗೆ ನಮಗೆ ಗಮನಾರ್ಹವಾಗಿ ತೋರುವುದು, ‘ಬಿಯೆಜಿಯಾ ರುವಾನ್‌ಗಾನ್’ ಎಂಬ ಇನ್ನೊಂದು ಕೂಟದ್ದು. ಮೆದುಚಿಪ್ಪಿನ ಆಮೆಯ ಚಿಪ್ಪು ಅದರಲ್ಲಿ ಮುಖ್ಯ. (ನಮ್ಮ ಕೋಡಿಯ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆ ಅದಲ್ಲ; ಈ ಆಮೆಯು ಕಾಯಿದೆಯಿಂದ ರಕ್ಷಿತವಾದ ಪ್ರಾಣಿ, ಇದರ ಚಿಪ್ಪಿಗೆ ಯಾರೂ ಕೈಹಾಕತಕ್ಕದ್ದಲ್ಲ.) ‘ಬಿ’ ಹೆಪಟೈಟಿಸ್ ಇದ್ದ ೧೦೦೦ ಮಂದಿಗೆ ಎಂಟೆಕಾವಿರ್ ಎಂಬ ವೈರಸ್ ನಿರೋಧಕ ಮದ್ದನ್ನು ಕೊಟ್ಟು, ಅವರಲ್ಲಿ ಒಂದು ಪಂಗಡಕ್ಕೆ ಈ ಕೂಟವನ್ನೂ ಮತ್ತೊಂದು ಪಂಗಡಕ್ಕೆ ಹುಸಿಮದ್ದನ್ನೂ ೭೨ ವಾರ ಕೊಟ್ಟರು. ೨೦೨೨ರಲ್ಲಿ ಪ್ರಕಟವಾದ ಫಲವೇನಂದರೆ, ಕೂಟವನ್ನು ತಿಂದವರಲ್ಲಿ ನೂರಕ್ಕೆ ೪೦ ಮಂದಿಗೆ ಕಲೆಯು ಹಿಂದೆಗೆಯಿತು. ಹುಸಿಮದ್ದಿನವರಲ್ಲಿ ಸುಮಾರು ೩೨ ಮಂದಿಗೆ.

ಈ ಎರಡು ಸಂಖ್ಯೆಗಳನ್ನು ವಾಚಕರು ಸ್ವಲ್ಪ ನಿಂತು ನೋಡಬೇಕೆಂದು ಬೇಡುತ್ತೇವೆ. ನೂರಕ್ಕೆ ಎಂಟರ ಹೆಚ್ಚಳವು ಸುಳ್ಳಲ್ಲ, ತಿರಸ್ಕಾರಕ್ಕೆ ಯೋಗ್ಯವೂ ಅಲ್ಲ. ಆದರೆ ಮೂವತ್ತೆರಡು ಮಂದಿಯ ಕಲೆಯು ಯಾವ ಮೂಲಿಕೆಯೂ ಇಲ್ಲದೆ, ವೈರಸ್ಸನ್ನು ತಡೆದ ಮಾತ್ರದಿಂದಲೇ ಹಿಂದೆಗೆಯಿತಷ್ಟೆ. ಕೂಟವು ಆ ಮದ್ದಿನ ಸಂಗಡ ನಡೆಯಿತು. ಅದರ ಬದಲಿಗೆ ಅಲ್ಲ. ಟೆನೋಫೊವಿರ್ ಎಂಬ ಇನ್ನೊಂದು ವೈರಸ್ ನಿರೋಧಕ ಮದ್ದನ್ನು ಐದು ವರ್ಷ ತಿಂದವರ ವಿಷಯದಲ್ಲಿ ೨೦೧೩ರಲ್ಲಿ ಪ್ರಕಟವಾದ ವರದಿಯಂತೂ ಹಳೆಯ ವೈದ್ಯಗ್ರಂಥಗಳನ್ನು ತಿದ್ದಿಸಿತು: ಆರಂಭದಲ್ಲಿ ಸಿರೋಸಿಸ್ ಇದ್ದ ೯೬ ಮಂದಿಯಲ್ಲಿ ೭೧ ಮಂದಿಗೆ ಐದನೆಯ ವರ್ಷದಲ್ಲಿ ಸಿರೋಸಿಸ್ ಇರಲಿಲ್ಲ. ಕಟ್ಟಿದ ಕಲೆ ಮತ್ತೆ ಬಿಚ್ಚದೆಂಬ ಹಿಂದಿನ ಮಾತು ಹೀಗೆ ಬಿದ್ದುಹೋಯಿತು.

ಕಾರಣವನ್ನು ತೆಗೆದುಹಾಕುವುದೇ ಮೊದಲಿನ ಮದ್ದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಇನ್ನೊಂದು ದೃಷ್ಟಾಂತವಿದೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಹಿಂದಿನ ತಲೆಮಾರಿನವರಿಗೆ ಮಕ್ಕಳ ‘ಲಿವರ್’ ರೋಗವೆಂದರೆ ಎದೆ ನಡುಗುತ್ತಿತ್ತು. ಆರು ತಿಂಗಳಿಂದ ನಾಲ್ಕೈದು ವರ್ಷದ ವರೆಗಿನ ಕೂಸುಗಳ ಹೊಟ್ಟೆ ಉಬ್ಬಿ, ಯಕೃತ್ತು ಕಲ್ಲಿನಂತಾಗಿ, ಅವು ಕೆಲವೇ ತಿಂಗಳುಗಳಲ್ಲಿ ತೀರಿಹೋಗುತ್ತಿದ್ದವು. ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಹೋದದ್ದೂ ಉಂಟು. ಮದ್ರಾಸಿನ ‘ಜಮ್ಮಿ ಲಿವರ್ ಕ್ಯೂರ್’ ಎಂಬ ಮೂಲಿಕೆಯ ಮದ್ದು ಈ ರೋಗಕ್ಕೆಂದೇ ದಕ್ಷಿಣ ದೇಶದಲ್ಲೆಲ್ಲ ಹೆಸರಾಗಿತ್ತು. ರೋಗದ ಬೇರನ್ನು ಕಂಡವರು ಪುಣೆಯ ಮಕ್ಕಳ ವೈದ್ಯರೂ ಇಂಗ್ಲೆಂಡಿನ ಟ್ಯಾನರ್ ಎಂಬವರೂ ಕೂಡಿ. ೧೯೮೩ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಎಳೆಯ ಕೂಸಿಗೆ ತಾಯಿಯ ಹಾಲನ್ನು ಬಿಡಿಸಿ, ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಸುವಿನ ಎಮ್ಮೆಯ ಹಾಲನ್ನು ಕುಡಿಸುತ್ತಿದ್ದುದೇ ಇದಕ್ಕೆ ಕಾರಣವಾಗಿ ತೋರಿತು. ಪಾತ್ರೆಯ ತಾಮ್ರವು ಹಾಲಿಗಿಳಿದು ಕೂಸಿನ ಯಕೃತ್ತಿನಲ್ಲಿ ತುಂಬುತ್ತಿತ್ತು. ಆಸ್ಟ್ರಿಯದ ತಿರೋಲ್ ಸೀಮೆಯಲ್ಲಿಯೂ ೧೯೦೦ರಿಂದ ೧೯೭೪ರ ವರೆಗೆ ೧೩೮ ಕೂಸುಗಳು ಇಂಥಾದ್ದೇ ರೋಗದಿಂದ ಸತ್ತುವೆಂದು ೧೯೯೬ರಲ್ಲಿ ತಿಳಿದುಬಂತು; ಅಲ್ಲಿಯೂ ತಾಮ್ರದ ಪಾತ್ರೆ, ಹಸುವಿನ ಹಾಲು. ಕಲಾಯಿ ತಪ್ಪಿದ ಹಿತ್ತಾಳೆಯ ಪಾತ್ರೆಯು ಅಡುಗೆಮನೆಯಿಂದ ಹೋಗಿ ಉಕ್ಕಿನ ಪಾತ್ರೆ ಬಂದಂತೆ ಆ ರೋಗವೂ ಮರೆಯಾಯಿತು. ಇಂದಿನ ಮಕ್ಕಳ ವೈದ್ಯರಲ್ಲಿ ಅದನ್ನು ಕಣ್ಣಾರೆ ಕಂಡವರು ಅಪರೂಪ. ಆದರೆ ಈಚೆಗೆ ತಾಮ್ರದ ಪಾತ್ರೆಯು ಆರೋಗ್ಯಕರವೆಂಬ ಹೊಸ ಷೋಕಿ ಹಬ್ಬಿರುವುದರಿಂದ, ಎಳೆಗೂಸಿನ ಹಾಲನ್ನು ಮಾತ್ರ ಅದರಲ್ಲಿ ಕಾಯಿಸದೆ ಇಡದೆ ಇರಬೇಕೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಪುನಃ ಮೂಲಿಕೆಗಳಿಗೆ. ಕೂಟದಿಂದ ಗುಣವು ಹೆಚ್ಚುವಂತೆಯೇ ಕೇಡೂ ಹೆಚ್ಚಬಲ್ಲದೆಂಬುದನ್ನು ಬೆಂಗಳೂರಿನ ಒಂದು ಪ್ರಯೋಗದಿಂದ ಚೆನ್ನಾಗಿ ತಿಳಿಯಬಹುದು. ಅರಿಶಿನದ ಸತ್ವವಾದ ಕರ್ಕ್ಯುಮಿನ್ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಅಲ್ಲಿನ ಸಂತ ಯೋಹಾನರ ವೈದ್ಯಕೀಯ ಕಾಲೇಜಿನವರು ಅದರೊಡನೆ ಕಾಳುಮೆಣಸಿನ ಪೈಪರಿನ್ ಎಂಬ ಸತ್ವವನ್ನು ಕೂಡಿಸಿ ಮನುಷ್ಯರಿಗೆ ಕೊಟ್ಟು ನೋಡಿದಾಗ, ರಕ್ತಕ್ಕೆ ಸೇರುವ ಅಂಶವು ಸುಮಾರು ಇಪ್ಪತ್ತು ಪಾಲು ಹೆಚ್ಚಿತೆಂದು ೧೯೯೮ರಲ್ಲಿ ಬರೆದರು. ಸಾರಿಗೆ ಅರಿಶಿನವನ್ನೂ ಮೆಣಸನ್ನೂ ಕೂಡಿಸುವ ನಮ್ಮ ಅಜ್ಜಿಯಂದಿರಿಗೆ ಇದನ್ನು ಕೇಳಿ ಸಂತೋಷವಾದೀತು. ಆದರೆ ಇದೇ ಜೋಡಿಯನ್ನು ಗುಳಿಗೆಗಳಾಗಿ ಮಾಡಿ ಮಾರುವ ಅಮೇರಿಕದಲ್ಲಿ, ಅರಿಶಿನದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಹತ್ತು ಮಂದಿಯ ವರದಿಯು ೨೦೨೨ರಲ್ಲಿ ಹೊರಬಂತು. ಪರೀಕ್ಷಿಸಿದ ಏಳು ಗುಳಿಗೆಗಳಲ್ಲಿ ಮೂರರಲ್ಲಿ ಮೆಣಸಿನ ಸತ್ವವೂ ಇತ್ತು. ಸಾರಿನ ಚಿಟಿಕೆಯೇ ಬೇರೆ, ಗುಳಿಗೆಯ ಭಾರವೇ ಬೇರೆ.

ಜಪಾನಿನಲ್ಲಿ ನಡೆದದ್ದು ಇದಕ್ಕಿಂತ ಗಂಭೀರವಾದದ್ದು. ಶುಂಠಿ, ಜ್ಯೇಷ್ಠಮಧು, ಜಿನ್ಸೆಂಗ್ ಮೊದಲಾದ ಏಳು ಮೂಲಿಕೆಗಳ ‘ಶೋ-ಸೈಕೊ-ತೊ’ ಎಂಬ ಕಷಾಯವು ಚೀನಾದ ಪುರಾತನ ಗ್ರಂಥದಿಂದ ಬಂದದ್ದು. ಅದನ್ನು ಜಪಾನಿನ ವೈದ್ಯರೇ ಯಕೃತ್ತಿನ ರೋಗಿಗಳಿಗೆ ಬಹಳವಾಗಿ ಬರೆದುಕೊಡುತ್ತಿದ್ದರು. ಬಳಿಕ ಅದನ್ನು ತಿಂದ ಕೆಲವರಿಗೆ ಒಂದು ಬಗೆಯ ಕಠಿಣ ಶ್ವಾಸಕೋಶದ ಉರಿಯುಂಟಾಯಿತು. ೧೯೯೬ರ ಮಾರ್ಚ್ ತಿಂಗಳಲ್ಲಿ ಸರಕಾರವು ಎಚ್ಚರಿಕೆ ಹೊರಡಿಸುವಾಗ ಅಂಥವರು ೮೮ ಮಂದಿಯಿದ್ದು ಅವರೊಳಗೆ ೧೦ ಮಂದಿ ಸತ್ತಿದ್ದರು.

ನಮ್ಮಲ್ಲಿ ಕೋವಿಡ್ ವ್ಯಾಧಿಯ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ಮನೆಮನೆಯಲ್ಲಿ ಕುಡಿದರಷ್ಟೆ. ಅದರಿಂದ ಯಕೃತ್ತಿಗೆ ಕೇಡಾದ ೪೩ ಮಂದಿಯ ವೃತ್ತಾಂತವನ್ನು ದೇಶದ ೧೩ ಆಸ್ಪತ್ರೆಗಳ ವೈದ್ಯರು ೨೦೨೨ರಲ್ಲಿ ಪ್ರಕಟಿಸಿದರು. ಕುಡಿದ ಲಕ್ಷಾಂತರ ಮಂದಿಯಲ್ಲಿ ಇದು ಅಲ್ಪವೆಂದು ಹೇಳುವವರಿದ್ದಾರೆ. ನಿಜವೇ, ಆದರೆ ಆ ಅಲ್ಪರಲ್ಲಿ ಒಬ್ಬರು ನಮ್ಮ ಮನೆಯವರಾದರೆ ಲೆಕ್ಕವು ಬೇರೆಯಾಗುವುದು. ಯಕೃತ್ತಿಗೆಂದೇ ಹೆಸರಾದ ಆರೋಗ್ಯವರ್ಧಿನಿ ಗುಳಿಗೆಯಲ್ಲಿ ಹೆಚ್ಚಿನ ಪಾಲು ಕಟುಕರೋಹಿಣಿಯಾದರೂ, ಶಾಸ್ತ್ರದ ಪ್ರಕಾರ ಪಾದರಸವೂ ತಾಮ್ರದ ಭಸ್ಮವೂ ಅದರಲ್ಲಿ ಸೇರಿರುವುದನ್ನು ತಿನ್ನುವವರಲ್ಲಿ ಎಷ್ಟು ಮಂದಿ ಬಲ್ಲರೋ! ೧೯೫೫ರಲ್ಲಿ ಹೊರಬಂದು ಅಂಗಡಿಗಳಲ್ಲೆಲ್ಲ ಸಿಗುವ ‘ಲಿವ್. ೫೨’ ಎಂಬ ಮೂಲಿಕೆಯ ಕೂಟವನ್ನು ಮದ್ಯಪಾನದಿಂದ ಯಕೃತ್ತು ಕೆಟ್ಟ ೮೦ ಮಂದಿಯಲ್ಲಿ ಶ್ರೀಲಂಕೆಯ ವೈದ್ಯರು ಆರು ತಿಂಗಳು ಪರೀಕ್ಷಿಸಿದಾಗ, ಹುಸಿಮದ್ದಿಗಿಂತ ವಿಶೇಷವಾದ ಗುಣವು ಕಾಣಲಿಲ್ಲವೆಂದು ೨೦೦೩ರಲ್ಲಿ ಬರೆದರು. ಕುಡಿತವನ್ನು ಬಿಡದೆ ಅದರ ಸಂಗಡ ಮದ್ದು ಕುಡಿದು ಧೈರ್ಯದಿಂದಿರುವವರಿಗೆ ಇದು ಕಿವಿಗೆ ಬೀಳತಕ್ಕ ಸಂಗತಿ.

ಹಾಗಾದರೆ ನಮ್ಮ ಕೋಡಿಯ ಮನೆಗಳಲ್ಲಿ ಮಾಡತಕ್ಕದ್ದೇನು? ಕಲೆಯ ಕಾರಣಗಳು ನಮ್ಮಲ್ಲಿ ಮುಖ್ಯವಾಗಿ ಮದ್ಯ, ಕೊಬ್ಬು, ‘ಬಿ’ ಮತ್ತು ‘ಸಿ’ ವೈರಸ್ಸುಗಳು. ಕೊಬ್ಬಿನಿಂದ ಯಕೃತ್ತು ಕೆಟ್ಟವರಲ್ಲಿ ದೇಹದ ತೂಕವನ್ನು ನೂರಕ್ಕೆ ಹತ್ತರಷ್ಟು ಇಳಿಸಿದವರ ಪೈಕಿ ಅರ್ಧಕ್ಕೆ ಸಮೀಪ ಮಂದಿಗೆ ಕಲೆಯು ಹಿಂದೆಗೆಯಿತೆಂದು ೨೦೧೫ರ ಒಂದು ವರದಿಯಿದೆ. ಇಷ್ಟು ಫಲವನ್ನು ತೋರಿಸಿದ ಕಷಾಯವು ನಮಗೆ ತಿಳಿದಂತೆ ಯಾವುದೂ ಇಲ್ಲ. ‘ಸಿ’ ವೈರಸ್ಸಿಗೆ ಈಗ ಎರಡು ಮೂರು ತಿಂಗಳ ಗುಳಿಗೆಗಳಿಂದ ಪೂರ್ಣ ಗುಣವುಂಟು. ‘ಬಿ’ ವೈರಸ್ಸಿನ ವಿಷಯವು ವಿಶೇಷವಾಗಿ ತಾಯಂದಿರದು. ಯಾಕಂದರೆ ಪ್ರಾಯದಲ್ಲಿ ತಗಲಿದವರಲ್ಲಿ ಹೆಚ್ಚು ಮಂದಿ ಅದನ್ನು ತಾವೇ ಗೆದ್ದುಬಿಡುವರು, ಹುಟ್ಟುವಾಗ ತಾಯಿಯಿಂದ ತಗಲಿದ ಕೂಸುಗಳಲ್ಲಾದರೋ ಹತ್ತರಲ್ಲಿ ಒಂಬತ್ತಕ್ಕೆ ಅದು ಬಹುಕಾಲ ನೆಲೆಯೂರುವುದು. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಕೊಡುವ ಚುಚ್ಚುಮದ್ದು ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಹೆರಿಗೆಯು ಆಸ್ಪತ್ರೆಯಲ್ಲಾದರೆ ಇದಕ್ಕೆ ಅನುಕೂಲ ಹೆಚ್ಚು. ಸರಕಾರವು ಈ ಚುಚ್ಚುಮದ್ದನ್ನು ದೇಶದ ಎಲ್ಲಾ ಮಕ್ಕಳಿಗೂ ವಿಸ್ತರಿಸಿದ್ದು ೨೦೧೧ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಅದು ದೊರೆತಿರಲಾರದು. ಅಂಥವರು ರಕ್ತವನ್ನು ಒಂದಾವರ್ತಿ ಪರೀಕ್ಷಿಸಿಕೊಂಡು, ವೈರಸ್ ಇಲ್ಲದಿದ್ದರೆ ವೈದ್ಯರನ್ನು ಕೇಳಿ ಆರು ತಿಂಗಳ ಅವಧಿಯಲ್ಲಿ ಮೂರು ಸಾರಿ ಚುಚ್ಚಿಸಿಕೊಳ್ಳಬಹುದು. ಗರ್ಭಿಣಿಯರಿಗಂತೂ ಈ ಪರೀಕ್ಷೆಯು ತಪ್ಪಬಾರದು.

ಮೂಲಿಕೆಯನ್ನು ತಿನ್ನಲೇಬೇಕೆಂಬ ಇಚ್ಛೆಯುಳ್ಳವರು ಅದಕ್ಕೆ ಮುಂಚೆ ಕಾಮಾಲೆಯ ಕಾರಣವೇನೆಂದು ರಕ್ತಪರೀಕ್ಷೆಯಿಂದ ತಿಳಿದುಕೊಳ್ಳಲಿ. ಉಡುಪಿಯ ಕುತ್ಪಾಡಿಯಲ್ಲಿ ೧೯೫೮ರಲ್ಲಿ ಸ್ಥಾಪಿತವಾದ ಆಯುರ್ವೇದ ಕಾಲೇಜೂ, ಮಣಿಪಾಲದಲ್ಲಿ ೧೯೫೩ರಲ್ಲಿ ಸ್ಥಾಪಿತವಾದ ವೈದ್ಯಕೀಯ ಕಾಲೇಜೂ ಕುಂದಾಪುರದವರಿಗೆ ಬಹುದೂರವಲ್ಲ. ಎರಡು ಕಡೆಯಲ್ಲಿಯೂ ಕಲಿತ ವೈದ್ಯರು ದೊರೆಯುವರು. ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ಹಗಲೆಲ್ಲ ಜೊಂಪು ಹತ್ತಿದರೆ, ಮೂಗು ವಸಡುಗಳಿಂದ ರಕ್ತ ಬಂದರೆ, ಸೊಪ್ಪಿನವರಿಗಾಗಿ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗತಕ್ಕದ್ದು. ಅಲ್ಲಿ ವೈದ್ಯರು ಏನೇನು ತಿಂದಿರೆಂದು ಕೇಳಿದಾಗ, ಬೈಗಳಿಗೆ ಹೆದರಿ ಕಷಾಯದ ಸುದ್ದಿಯನ್ನು ಮುಚ್ಚಿಡುವವರು ಬಹಳ. ಹಾಗೆ ಮಾಡದೆ ಗುಳಿಗೆಯ ಕುಪ್ಪಿಯನ್ನೂ, ಸೊಪ್ಪಾದರೆ ಅದರ ಒಂದು ಗೆಲ್ಲನ್ನೂ ಚೀಲದಲ್ಲಿ ಕೊಂಡುಹೋಗಿ ಅವರ ಮೇಜಿನ ಮೇಲೆ ಇಡಲಿ.